ಕಣ್ಣಿನ ಡಾಕ್ಟರ್ ಎಂ. ಸಿ. ಮೋದಿ ಮತ್ತು ನಮ್ಮ ನಾನಾ

ಈ ಸಲದ ಸಂಚಿಕೆಗೆ ದೊಡ್ಡವರೊಬ್ಬರ ಜೀವನ ಪರಿಚಯ ಬರೆದು ಕೊಡಿ ಎಂದು ಕನ್ನಡ ಮೇಷ್ಟ್ರು ಹೇಳಿದಾಗ ನನ್ನ ಬೆಂಚಿನವರು ಅಬ್ದುಲ್ ಕಲಾಂ, ವಿಶ್ವೇಶ್ವರಯ್ಯ ಎಂದು ಬೇಗ ಬೇಗ ಹಂಚಿಕೊಂಡುಬಿಟ್ಟರು. ನಾನು ಡಾ. ಎಂ. ಸಿ. ಮೋದಿ ಎಂದೆ. ಅರ್ಧ ತರಗತಿ ನನ್ನ ಕಡೆ ತಿರುಗಿ ನೋಡಿತು. ಮೋದಿ ಎಂದರೆ ಇವತ್ತು ಎಲ್ಲರಿಗೂ ನೆನಪಾಗುವವರೇ ಬೇರೆ. ನಾನು ಹೇಳಿದ್ದು ಬಿಜಾಪುರ ಸೀಮೆಯ ಕಣ್ಣಿನ ಡಾಕ್ಟರನ್ನು, ಮುರುಗಪ್ಪ ಚನ್ನವೀರಪ್ಪ ಮೋದಿ ಅವರನ್ನು. ನಾವು ಹುಟ್ಟುವ ಮೊದಲೇ, 2005ರಲ್ಲಿ, ಅವರು ತೀರಿಕೊಂಡರು. ಆದರೆ ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರು ಇದ್ದರೆ ಇವತ್ತು ಸಂಜೆ ಅವರ ಮುಂದೆ ಈ ಹೆಸರು ಹೇಳಿ ನೋಡಿ. ಕಣ್ಣಿನ ಕ್ಯಾಂಪು, ಪಟ್ಟಿ, ದಪ್ಪ ಗಾಜಿನ ಕನ್ನಡಕ ಎಂದು ಮಾತು ತಾನೇ ಹೊರಡುತ್ತದೆ.

ಅವರನ್ನು ಆರಿಸಿಕೊಳ್ಳಲು ನನಗೆ ಕಾರಣವಾದವರು ನಮ್ಮ ನಾನಾ, ಎಂದರೆ ಅಮ್ಮಿಯ ತಂದೆ. ನಾನಾ ಅವರ ಎಡಗಣ್ಣು ಹೋಗಿದೆ. ಹೋಗಿದ್ದು ಪೊರೆಯಿಂದಲ್ಲ, ಗ್ಲಾಕೋಮಾದಿಂದ. ಪೊರೆ ತೆಗೆದು ಹೆಸರಾದ ಡಾಕ್ಟರಿಗೂ ಗ್ಲಾಕೋಮಾದಲ್ಲಿ ಹೋದ ಕಣ್ಣಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಮೋದಿಯವರು ಹುಟ್ಟಿದ್ದು 1915ರಲ್ಲಿ, ಬೀಳಗಿಯಲ್ಲಿ. ಆಗ ಅದು ಬಿಜಾಪುರ ಜಿಲ್ಲೆ, ಈಗ ಬಾಗಲಕೋಟೆ ಜಿಲ್ಲೆ. ಬೆಳಗಾವಿಯಲ್ಲಿ ವೈದ್ಯಕೀಯ ಓದಿ, ಮುಂಬಯಿಗೆ ಹೋಗಿ ಕಣ್ಣಿನ ಚಿಕಿತ್ಸೆ ಕಲಿತರು. ಆ ಕಾಲಕ್ಕೆ ಮುಂಬಯಿಯಲ್ಲಿ ಕಲಿತ ಕಣ್ಣಿನ ಡಾಕ್ಟರು ಅದೇ ಊರಿನಲ್ಲಿ ಬೋರ್ಡು ಹಾಕಿಕೊಂಡರೆ ಜೀವನ ಪೂರ್ತಿ ಸುಖವಾಗಿ ಇರಬಹುದಿತ್ತು. 1942ರ ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಗಾಂಧೀಜಿಯವರ ಮಾತು ಅವರ ದಾರಿ ತಿರುಗಿಸಿತು. ಹಳ್ಳಿಯವರು ಆಸ್ಪತ್ರೆಗೆ ಬರಲಾರರು, ಆಸ್ಪತ್ರೆಯೇ ಹಳ್ಳಿಗೆ ಹೋಗಬೇಕು ಎಂದು ತೀರ್ಮಾನಿಸಿ, 1943ರಲ್ಲಿ ಗುಜರಾತಿನ ಪಾಟಣದಲ್ಲಿ ಉಚಿತ ಕಣ್ಣಿನ ಶಿಬಿರ ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ ಇರಬೇಕು. ಅಲ್ಲಿಂದ ಐವತ್ತು ವರ್ಷ ಆ ಕೆಲಸ ನಿಲ್ಲಲಿಲ್ಲ.

ಹಳ್ಳಿಯವರು ಆಸ್ಪತ್ರೆಗೆ ಬರಲಾರರು ಎಂಬುದನ್ನು ನಮ್ಮ ಕಡೆಯ ಲೆಕ್ಕದಲ್ಲಿ ನೋಡೋಣ. ಬೆಂಗಳೂರಿನಲ್ಲಿ ಮಿಂಟೊ ಕಣ್ಣಿನ ಆಸ್ಪತ್ರೆ ಇತ್ತು. 1896ರಲ್ಲಿ ಚಿಕ್ಕದಾಗಿ ಶುರುವಾಗಿ, 1913ರಲ್ಲಿ ಈಗಿನ ದೊಡ್ಡ ಕಟ್ಟಡಕ್ಕೆ ಬಂದ ಆಸ್ಪತ್ರೆ ಅದು. ಆದರೆ ಪಾವಗಡದಿಂದ ಬೆಂಗಳೂರಿಗೆ ಸುಮಾರು ನೂರೈವತ್ತು ಕಿಲೋಮೀಟರು. ಎರಡೂ ಕಣ್ಣು ಕಾಣದ ಮುದುಕಿಯನ್ನು ಕರೆದುಕೊಂಡು ಹೋಗಲು ಮನೆಯಲ್ಲಿ ದುಡಿಯುವ ಒಬ್ಬರು ಹತ್ತು ಹದಿನೈದು ದಿನ ಕೂಲಿ ಬಿಡಬೇಕು. ಶೇಂಗಾ ಕೀಳುವ ಹೊತ್ತಿನಲ್ಲಿ ಅದನ್ನು ಯಾರು ಮಾಡುತ್ತಾರೆ? ಹಾಗಾಗಿ ಅಜ್ಜಿ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮುದಿತನ ಎಂದರೆ ಕುರುಡುತನ ಎಂದು ಊರು ಒಪ್ಪಿಕೊಂಡುಬಿಟ್ಟಿತ್ತು.

ಶಿಬಿರ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತಿತ್ತು. ನಮ್ಮ ನಾನಿ ಮದುವೆಯಾದ ಹೊಸದರಲ್ಲಿ ತಮ್ಮ ತಾಯಿಯನ್ನು ಇಂಥ ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅದು ಮೋದಿಯವರದೇ ಶಿಬಿರವೋ ಬೇರೆಯವರದೋ ನಾನಿಗೆ ಈಗ ಹೇಳಲಾಗುವುದಿಲ್ಲ. ಆ ಕಾಲದಲ್ಲಿ ಕಣ್ಣಿನ ಕ್ಯಾಂಪು ಯಾರೇ ಮಾಡಿದರೂ ಜನರ ಬಾಯಲ್ಲಿ ಬರುತ್ತಿದ್ದದ್ದು ಮೋದಿಯವರ ಹೆಸರೇ. ಶಾಲೆಗೆ ರಜೆ ಕೊಟ್ಟು ಕೊಠಡಿಗಳನ್ನೆಲ್ಲ ತೊಳೆದು ಹುಲ್ಲು, ಚಾಪೆ ಹಾಸಿದ್ದರಂತೆ. ಊರಿನ ಸಾಹುಕಾರರು ಅಕ್ಕಿ ಬೇಳೆ ಕೊಟ್ಟಿದ್ದರು. ಹೈಸ್ಕೂಲು ಹುಡುಗರು ಮುದುಕರ ಕೈ ಹಿಡಿದು ಸಾಲಿನಲ್ಲಿ ಕೂರಿಸುತ್ತಿದ್ದರು. ಮೊದಲ ದಿನ ಒಬ್ಬ ಡಾಕ್ಟರು ಟಾರ್ಚು ಬಿಟ್ಟು ಒಂದೊಂದೇ ಕಣ್ಣು ನೋಡಿ, ಪೊರೆ ಬಲಿತವರ ಹಣೆಯ ಮೇಲೆ ಗುರುತು ಹಾಕಿದರು. ಬಲಿಯದವರನ್ನು ಮುಂದಿನ ವರ್ಷ ಬನ್ನಿ ಎಂದು ಕಳಿಸಿದರು. ನಾನಿಯ ತಾಯಿಯದು ಬಲಿತಿತ್ತು. ಆಪರೇಷನ್ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ, ನಾನು ಹೊರಗೆ ಎಲೆ ಅಡಿಕೆ ಮಡಿಸುವುದರಲ್ಲಿ ಮುಗಿದಿತ್ತು ಎನ್ನುತ್ತಾರೆ ನಾನಿ. ಕಣ್ಣಿಗೆ ಪಟ್ಟಿ ಕಟ್ಟಿ ಅಲ್ಲಾಡದಂತೆ ಮಲಗಿಸಿದರು. ದಿನಗಳಾದ ಮೇಲೆ ಪಟ್ಟಿ ಬಿಚ್ಚಿ ಕನ್ನಡಕ ಹಾಕಿದಾಗ ಆಕೆ ಮೊದಲು ನೋಡಿದ್ದು ನಾನಿಯ ಕೈಯ ಗಾಜಿನ ಬಳೆಗಳನ್ನು. ಬಣ್ಣ ಹೇಳಿ ಅತ್ತುಬಿಟ್ಟರಂತೆ. ನಮ್ಮ ಮನೆಯಲ್ಲಿ ಈ ಕಥೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ. ಬಳೆಯ ಬಣ್ಣ ಒಮ್ಮೆ ಹಸಿರು, ಒಮ್ಮೆ ಕೆಂಪು ಆಗಿರುತ್ತದೆ. ಅದನ್ನು ಯಾರೂ ತಿದ್ದಲು ಹೋಗುವುದಿಲ್ಲ.

ಮೋದಿಯವರ ವಿಶೇಷ ಏನೆಂದರೆ, ಈ ಕೆಲಸವನ್ನು ಅವರು ಒಂದು ಪದ್ಧತಿಯಾಗಿ ಕಟ್ಟಿದ್ದು. ಕಣ್ಣು ತೊಳೆಯುವವರು ಬೇರೆ, ಮರಗಟ್ಟುವ ಮದ್ದು ಹಾಕುವವರು ಬೇರೆ, ಪಟ್ಟಿ ಕಟ್ಟುವವರು ಬೇರೆ. ರೋಗಿಗಳು ಸಾಲಾಗಿ ಸಿದ್ಧವಾಗಿ ಮಲಗಿರುತ್ತಿದ್ದರು. ಡಾಕ್ಟರು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗುತ್ತ ತಾವು ಮಾತ್ರ ಮಾಡಬಹುದಾದ ಕೆಲಸವನ್ನಷ್ಟೇ ಮಾಡುತ್ತಿದ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದರು. ಇದು ಗಿನ್ನೆಸ್ ಪುಸ್ತಕಕ್ಕೆ ಸೇರಿತು. ದಿನಕ್ಕೆ 1440 ನಿಮಿಷ. ಊಟ ನಿದ್ದೆ ಎಲ್ಲ ಬಿಟ್ಟರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗುವುದಿಲ್ಲ. ಅದೇ ಗಿನ್ನೆಸ್ ಪುಸ್ತಕದ ಪ್ರಕಾರ 1993ರ ಫೆಬ್ರುವರಿ ಹೊತ್ತಿಗೆ ಅವರು ಹೋದ ಹಳ್ಳಿಗಳು 46,120, ಮಾಡಿದ ಆಪರೇಷನ್ 6,10,564. ನಾನು ಕ್ಯಾಲ್ಕುಲೇಟರು ಇಟ್ಟುಕೊಂಡು ಭಾಗಿಸಿದೆ. ಐವತ್ತು ವರ್ಷ, ಒಂದು ದಿನವೂ ರಜೆಯಿಲ್ಲದೆ, ದಿನಕ್ಕೆ ಮೂವತ್ತಮೂರು. ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು. ಪ್ರಶಸ್ತಿಯ ವಿಷಯ ಇಷ್ಟು ಸಾಕು.

ಈಗ ಆ ಟಾರ್ಚಿನ ಡಾಕ್ಟರ ಬಳಿಗೆ ಮತ್ತೆ ಬರಬೇಕು. ಪೊರೆ ಬಲಿತಿಲ್ಲ, ಮುಂದಿನ ವರ್ಷ ಬನ್ನಿ ಎಂದು ಯಾಕೆ ಹೇಳುತ್ತಿದ್ದರು? ಆಗಿನ ಆಪರೇಷನ್ನಿನಲ್ಲಿ ಕಣ್ಣಿನ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಅದಕ್ಕೆ ದೊಡ್ಡ ಕೊಯ್ತ ಬೇಕು. ತೆಗೆದ ಜಾಗಕ್ಕೆ ಹಾಕಲು ಹೊಸ ಮಸೂರ ಇರಲಿಲ್ಲ. ಮಸೂರವಿಲ್ಲದ ಕಣ್ಣಿಗೆ ಹತ್ತರ ಸುಮಾರಿನ ನಂಬರಿನ ದಪ್ಪ ಕನ್ನಡಕವೇ ಗತಿ. ಸ್ವಲ್ಪ ಮಸುಕಾದ ಕಣ್ಣನ್ನು ಹೀಗೆ ಕೊಯ್ದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಆದ್ದರಿಂದ ಪೂರ್ತಿ ಬಲಿತು ಬಿಳಿಯಾಗುವವರೆಗೆ ಕಾಯುವುದು ಆ ಕಾಲಕ್ಕೆ ಸರಿಯಾದ ಸಲಹೆ. ಈಗ ಎರಡು ಮೂರು ಮಿಲಿಮೀಟರಿನ ಕೊಯ್ತದಲ್ಲಿ ಪೊರೆ ಒಡೆದು ತೆಗೆದು ಒಳಗೇ ಹೊಸ ಮಸೂರ ಕೂರಿಸುತ್ತಾರೆ, ಬಲಿಯುವವರೆಗೆ ಕಾಯಬೇಕಾಗಿಲ್ಲ. ಆಪರೇಷನ್ ಬದಲಾಯಿತು. ಆದರೆ ಊರಿನ ಕಿವಿಯಲ್ಲಿ ಹಳೆಯ ಮಾತೇ ಉಳಿಯಿತು. ಕಣ್ಣು ಮಂಜಾದರೆ ಪೊರೆ, ಪೊರೆಯಾದರೆ ಬಲಿಯಲಿ, ಬಲಿತ ಮೇಲೆ ಒಂದು ಆಪರೇಷನ್, ಪಟ್ಟಿ ಬಿಚ್ಚಿದರೆ ಬಳೆಯ ಬಣ್ಣ ಕಾಣುತ್ತದೆ.

ನಾನಾ ಕಾದದ್ದು ಹೀಗೆಯೇ.

ಅವರು ಹುಣಸೆ ವ್ಯಾಪಾರದವರು. ಕೊರಟಗೆರೆ, ಮಧುಗಿರಿ ಕಡೆಯ ಹೊಲಗಳಲ್ಲಿ ಮರಗಳನ್ನು ಗುತ್ತಿಗೆ ಹಿಡಿದು, ಹಣ್ಣು ಬಡಿಸಿ, ಒಣಗಿಸಿ ಮಾರುತ್ತಿದ್ದರು. ಮರವನ್ನು ಸುತ್ತಿ ನೋಡಿ ಎಷ್ಟು ಹಣ್ಣು ಇಳಿಯುತ್ತದೆ ಎಂದು ಹೇಳಿದರೆ ಹೆಚ್ಚು ಕಡಿಮೆಯಾಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿಸಿಕೊಳ್ಳತೊಡಗಿದರು. ಚಹಾ ಬಗ್ಗಿಸಿದರೆ ಲೋಟದ ಹೊರಗೆ. ಒಂದು ದಿನ ಮಧುಗಿರಿ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದರು. ಎಲ್ಲರೂ ವಯಸ್ಸು ಎಂದರು. ನಾನಾ ಮಾತ್ರ ಪೊರೆ ಎಂದರು, ಇನ್ನೂ ಬಲಿತಿಲ್ಲ, ಹಬ್ಬ ಮುಗಿಯಲಿ ಎಂದರು. ನೋವಿಲ್ಲ, ಕಣ್ಣು ಕೆಂಪಿಲ್ಲ, ಎದುರಿಗೆ ಹಿಡಿದ ದುಡ್ಡು ಎಣಿಸುತ್ತಾರೆ. ಹೀಗೆ ಎರಡು ಹಬ್ಬ ಮುಗಿದವು.

ಕೊನೆಗೆ ಪಾವಗಡದ ನಮ್ಮ ಖಾಲಾ, ಅಮ್ಮಿಯ ಅಕ್ಕ, ಹಟ ಹಿಡಿದು ಅವರನ್ನು ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿನ ಡಾಕ್ಟರು ಪೊರೆ ಸ್ವಲ್ಪವೇ ಇದೆ, ಅದು ವಿಷಯವಲ್ಲ ಎಂದರು. ಕಣ್ಣಿನ ಒಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕು, ನಾನಾ ಅವರದು ಎಡಕ್ಕೆ 34, ಬಲಕ್ಕೆ 30. ಎಡಗಣ್ಣಿನ ನರ ಪೂರ್ತಿ ಸತ್ತಿತ್ತು. ಬಲಗಣ್ಣಿನಲ್ಲಿ ನಡುವಿನ ದೃಷ್ಟಿ ಉಳಿದಿತ್ತು, ಕೊಳವೆಯಲ್ಲಿ ನೋಡಿದ ಹಾಗೆ. ನಾನಾ ಕೇಳಿದ್ದು ಒಂದೇ ಪ್ರಶ್ನೆ, ಆಪರೇಷನ್ ಮಾಡಿದರೆ ಎಡಗಣ್ಣು ಬರುತ್ತದೆಯೇ ಎಂದು. ಡಾಕ್ಟರು ಇಲ್ಲ ಎಂದರು. ನಮ್ಮ ಉರ್ದುವಿನಲ್ಲಿ ಪೊರೆಗೆ ಮೋತಿಯಾ ಎನ್ನುತ್ತಾರೆ, ಗ್ಲಾಕೋಮಾಕ್ಕೆ ಕಾಲಾ ಮೋತಿಯಾ. ಹೆಸರು ಕೇಳಿದರೆ ಒಂದೇ ರೋಗದ ಎರಡು ಬಣ್ಣ ಅನ್ನಿಸುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ. ಈ ಹೆಸರು ಇಟ್ಟವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಬಯಾಲಜಿ ಓದುವವರಿಗೆ ಇದು ಕಷ್ಟವಲ್ಲ, ಉಳಿದವರು ಕೆರೆಯನ್ನು ನೆನೆಸಿಕೊಳ್ಳಿ. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ನೀರಿನಂಥ ದ್ರವ ಸದಾ ಊರುತ್ತಿರುತ್ತದೆ, ಅಂಚಿನ ಜಾಲರಿಯಂಥ ತೂಬಿನ ಮೂಲಕ ಹರಿದು ಹೋಗುತ್ತಿರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ತೂಬು ಮೆಲ್ಲಗೆ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಹತ್ತು ಹನ್ನೆರಡು ಲಕ್ಷ ಎಳೆಗಳಿವೆ. ಒತ್ತಡಕ್ಕೆ ಅವು ಒಂದೊಂದಾಗಿ ಸಾಯುತ್ತವೆ. ಮೊದಲು ಬದಿಯ ನೋಟ ಹೋಗುತ್ತದೆ, ಎದುರಿನ ನೋಟ ಕೊನೆಗೆ. ಅದಕ್ಕೇ ನಾನಾ ದುಡ್ಡು ಎಣಿಸುತ್ತಿದ್ದರು, ಬಾಗಿಲಿಗೆ ತಾಗುತ್ತಿದ್ದರು. ಪೊರೆ ಮಸುಕಾದ ಕಿಟಕಿ ಗಾಜು, ಬದಲಿಸಬಹುದು. ಸತ್ತ ನರವನ್ನು ಬದಲಿಸುವ ವಿದ್ಯೆ ಇನ್ನೂ ಬಂದಿಲ್ಲ. ಕೆಲವರಿಗೆ ಒತ್ತಡ 21ರ ಒಳಗೇ ಇದ್ದು ನರ ಸಾಯುವುದೂ ಉಂಟು, ಆದ್ದರಿಂದ ಒತ್ತಡ ಅಳೆದರೆ ಸಾಲದು, ಪಾಪೆ ಅಗಲಿಸಿ ನರವನ್ನೂ ನೋಡಬೇಕು. ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನಕ್ಕೆ ಈ ರೋಗವಿದೆ ಎಂದು ಅಂದಾಜು.

ಚಿಕಿತ್ಸೆ ಎಂದರೆ ಉಳಿದದ್ದನ್ನು ಉಳಿಸುವುದು. ನಾನಾ ಅವರಿಗೆ ಮೊದಲು ಹನಿ ಮದ್ದು ಶುರುವಾಯಿತು. ಕೆಲವು ಹನಿಗಳು ಕೆರೆಗೆ ಬರುವ ನೀರನ್ನೇ ಕಡಿಮೆ ಮಾಡುತ್ತವೆ, ಟಿಮೊಲಾಲ್, ಡಾರ್ಜೊಲಮೈಡ್ ಅಂಥವು. ಲಟಾನೊಪ್ರಾಸ್ಟ್ ಥರದ್ದು ನೀರು ಹೊರಗೆ ಹೋಗುವ ದಾರಿ ಹೆಚ್ಚಿಸುತ್ತದೆ, ದಿನಕ್ಕೆ ಒಂದೇ ಸಲ, ರಾತ್ರಿ. ಅದನ್ನು ಹಾಕಿ ಹಾಕಿ ನಾನಾ ಅವರ ರೆಪ್ಪೆ ಕೂದಲು ಮದುಮಗಳ ಹಾಗೆ ಉದ್ದವಾಗಿದೆ ಎಂದು ನಾನಿ ನಗುತ್ತಾರೆ. ಅದು ಆ ಮದ್ದಿನ ಗುಣ. ಟಿಮೊಲಾಲ್ ಬರೆಯುವ ಮೊದಲು ಡಾಕ್ಟರು ದಮ್ಮು ಇದೆಯೇ, ನಾಡಿ ನಿಧಾನವೇ ಎಂದು ವಿಚಾರಿಸಿದರು. ಕಣ್ಣಿಗೆ ಹಾಕಿದ ಹನಿ ಮೂಗಿನ ದಾರಿಯಲ್ಲಿ ರಕ್ತಕ್ಕೆ ಸೇರಿ ಶ್ವಾಸಕ್ಕೂ ಎದೆಗೂ ಮುಟ್ಟುತ್ತದಂತೆ. ನಾನಾ ಅವರಿಗೆ ದಮ್ಮು ಇದೆ, ಅದಕ್ಕೆ ಬೇರೆ ಮದ್ದು ಕೊಟ್ಟರು. ಹೇಳಿ, ಒಂದು ಹನಿ ಮದ್ದಿಗೆ ದಮ್ಮಿನ ಸುದ್ದಿ ಹೇಳಬೇಕು ಎಂದು ನಮ್ಮಲ್ಲಿ ಯಾರಿಗೆ ಹೊಳೆಯುತ್ತಿತ್ತು?

ಹನಿಯ ದೊಡ್ಡ ತೊಂದರೆ, ಹಾಕಿದರೆ ಏನೂ ಚೆನ್ನಾಗಿ ಕಾಣುವುದಿಲ್ಲ, ಬಿಟ್ಟರೆ ಏನೂ ಕೆಟ್ಟು ಕಾಣುವುದಿಲ್ಲ. ಹಾಗಾಗಿ ಜನ ಬಿಟ್ಟುಬಿಡುತ್ತಾರೆ. ರಂಜಾನಿನಲ್ಲಿ ರೋಜಾ ಮುರಿದೀತು ಎಂದು ನಾನಾ ಯಾರಿಗೂ ಹೇಳದೆ ನಿಲ್ಲಿಸಿದ್ದರು. ಈದ್ ಆದ ಮೇಲೆ ಪರೀಕ್ಷೆಗೆ ಹೋದಾಗ ಒತ್ತಡ ಮತ್ತೆ 28. ಡಾಕ್ಟರು ಬೈಯಲಿಲ್ಲ. ದಿನಕ್ಕೆರಡು ಸಲದ ಹನಿಯನ್ನು ಸಹರಿಗೆ ಒಮ್ಮೆ, ಇಫ್ತಾರ್ ಆದ ಮೇಲೆ ಒಮ್ಮೆ ಎಂದು ಸಮಯ ಬದಲಿಸಿ ಚೀಟಿಯಲ್ಲಿ ಬರೆದು ಕೊಟ್ಟರು. ಇಷ್ಟು ಸುಲಭದ ದಾರಿ ಇತ್ತು, ಮೊದಲೇ ಕೇಳಿದ್ದರೆ ಸಾಕಿತ್ತು.

ಅದೇ ಸಲ ಖಾಲಾ ಅವರ ಕಣ್ಣನ್ನೂ ನೋಡಿದರು. ತಂದೆಗೆ ಇದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಖಾಲಾ ಅವರಿಗೆ ಸಂಜೆ ಹೊತ್ತು ತಲೆನೋವು, ಬೀದಿ ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ. ಅವರದು ಇನ್ನೊಂದು ಜಾತಿಯ ಗ್ಲಾಕೋಮಾದ ಮುನ್ಸೂಚನೆ. ಕಣ್ಣಿನ ಬಣ್ಣದ ಪರದೆ ಮುಂದಕ್ಕೆ ಬಾಗಿ ತೂಬಿನ ಬಾಯನ್ನೇ ಮುಚ್ಚುವಂಥದ್ದು. ಒಮ್ಮೆಲೇ ಮುಚ್ಚಿಕೊಂಡರೆ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ಹೊಟ್ಟೆಯ ಕಾಯಿಲೆಯೋ ತಲೆಯ ಕಾಯಿಲೆಯೋ ಎಂದು ಅಲೆಯುವಷ್ಟರಲ್ಲಿ ಕಣ್ಣು ಹೋಗಬಹುದು. ಅವರಿಗೆ ಲೇಸರ್ ಮಾಡಿದರು. ಗದ್ದವನ್ನು ಯಂತ್ರದ ಮೇಲೆ ಇಟ್ಟು ಕೂರಿಸಿ, ಆ ಪರದೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ಕಿಂಡಿ. ಒಂದೊಂದು ಕಣ್ಣಿಗೆ ಕೆಲವೇ ನಿಮಿಷ. ಅದೇ ದಿನ ಸಂಜೆ ಬಸ್ಸಿನಲ್ಲಿ ವಾಪಸ್. ನಾನಾ ಅವರಂಥ ಗ್ಲಾಕೋಮಾಕ್ಕೂ ಲೇಸರ್ ಇದೆ, ಅದು ಜಾಲರಿಯನ್ನು ಚುರುಕು ಮಾಡುವಂಥದ್ದು, ಎಸ್‌ಎಲ್‌ಟಿ ಎನ್ನುತ್ತಾರೆ. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಹನಿಗೆ ಮೊದಲೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಮೂರು ವರ್ಷ ಹನಿಯೇ ಬೇಕಾಗಲಿಲ್ಲ. ಆದರೆ ಅದರ ಫಲ ವರ್ಷ ಕಳೆದಂತೆ ಕಡಿಮೆಯಾಗಬಹುದು, ರೋಗ ಬಹಳ ಮುಂದೆ ಹೋದವರಿಗೆ ಅದೊಂದೇ ಸಾಲುವುದಿಲ್ಲ.

ನಾನಾ ಅವರಿಗೆ ಸಾಲದಾಯಿತು. ಮೂರು ಬಗೆಯ ಹನಿ ಹಾಕಿದರೂ ಬಲಗಣ್ಣಿನ ಒತ್ತಡ ಬೇಕಾದಷ್ಟು ಇಳಿಯಲಿಲ್ಲ. ಟ್ರಬೆಕ್ಯುಲೆಕ್ಟಮಿ ಎಂಬ ಆಪರೇಷನ್ ಮಾಡಬೇಕು ಎಂದರು. ಕೆರೆಗೆ ಹೊಸ ಕೋಡಿ ಕಟ್ಟುವುದು ಎಂದುಕೊಳ್ಳಿ. ಮೇಲಿನ ರೆಪ್ಪೆಯ ಅಡಿಯಲ್ಲಿ, ಕಣ್ಣಿನ ಬಿಳಿ ಗೋಡೆಯಲ್ಲಿ ಮುಚ್ಚಳದಂಥ ಪದರ ಎಬ್ಬಿಸಿ ಅದರ ಕೆಳಗೆ ಚಿಕ್ಕ ಕಿಂಡಿ ಮಾಡುತ್ತಾರೆ. ದ್ರವ ಅಲ್ಲಿಂದ ಸೋರಿ ರೆಪ್ಪೆಯ ಅಡಿಯ ತೆಳು ಪೊರೆಯೊಳಗೆ ಹೋಗಿ ಇಂಗುತ್ತದೆ. ಗಾಯ ಮಾಯ್ದು ಕಿಂಡಿ ಮುಚ್ಚಿಕೊಳ್ಳದಂತೆ ಮೈಟೊಮೈಸಿನ್ ಎಂಬ ಮದ್ದು ಸವರುತ್ತಾರೆ. ಅದೂ ಮುಚ್ಚಿಕೊಂಡವರಿಗೆ ಸಣ್ಣ ಕೊಳವೆ ಕೂರಿಸುವುದೂ ಇದೆ. ಅದರಲ್ಲಿ ಒಂದರ ಹೆಸರು ಅಹ್ಮದ್ ವಾಲ್ವ್ ಎಂದು ಕೇಳಿ ನಾನಾ ಸ್ವಲ್ಪ ಗೆಲುವಾದರು. ಈ ಟ್ರಬೆಕ್ಯುಲೆಕ್ಟಮಿಯನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿನ ಕೇರ್ನ್ಸ್ ಎಂಬ ಡಾಕ್ಟರು ಲೋಕಕ್ಕೆ ತಿಳಿಸಿದ್ದು 1968ರಲ್ಲಿ. ಓದುತ್ತಾ ಈ ಇಸವಿ ಬಂದಾಗ ನಾನು ಪುಟ ಹಿಂದಕ್ಕೆ ತಿರುಗಿಸಿ ನೋಡಿದೆ. ತಿರುಪತಿಯಲ್ಲಿ ಮೋದಿಯವರು 833 ಕಣ್ಣುಗಳನ್ನು ಮುಟ್ಟಿದ್ದೂ ಅದೇ ವರ್ಷ.

ಪಟ್ಟಿ ಬಿಚ್ಚುವ ದಿನ ನಾನಿ ಹೊಸ ಬಳೆ ಹಾಕಿಕೊಂಡು ಬಂದಿದ್ದರು. ಯಾರೂ ಹೇಳಿರಲಿಲ್ಲ, ತಾವಾಗಿಯೇ. ಪಟ್ಟಿ ಬಿಚ್ಚಿದಾಗ ನಾನಾ ಅವರಿಗೆ ಮೊದಲಿಗಿಂತ ಮಂಜಾಗಿ ಕಂಡಿತು. ಈ ಆಪರೇಷನ್ ಆದ ಮೇಲೆ ಕೆಲವು ವಾರ ಹಾಗೆ ಇರುವುದು ಸಾಮಾನ್ಯ, ಡಾಕ್ಟರು ಮೊದಲೇ ಹೇಳಿದ್ದರು. ನಾನಿಯ ಮನಸ್ಸಿನಲ್ಲಿ ಮಾತ್ರ ಐವತ್ತು ವರ್ಷದ ಹಿಂದಿನ ಶಾಲೆಯ ಕೊಠಡಿ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಾರಿಡಾರಿಗೆ ಹೋದರು. ಒತ್ತಡ 12ಕ್ಕೆ ಇಳಿದಿದೆ, ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಸಂತೋಷದಿಂದ ಹೇಳುತ್ತಿದ್ದರು. ಹನ್ನೆರಡು ಎಂಬ ಅಂಕಿಯಲ್ಲಿ ಬಳೆಯ ಬಣ್ಣ ಎಲ್ಲಿದೆ ಎಂದು ನಾನಿಗೆ ನಾನು ಹೇಗೆ ತಿಳಿಸಲಿ? ಒಂದೂವರೆ ತಿಂಗಳಿಗೆ ನೋಟ ಮೊದಲಿನಷ್ಟಕ್ಕೆ ಬಂತು. ಮೊದಲಿನಷ್ಟು ಎಂದರೆ ಆ ಕೊಳವೆಯಷ್ಟು.

ಹಾಗಾದರೆ ಮೋದಿಯವರ ಶಿಬಿರ ನಾನಾ ಅವರನ್ನು ಕಾಪಾಡುತ್ತಿತ್ತೇ ಎಂದು ನಾನು ಯೋಚಿಸಿದ್ದೇನೆ. ಒಂದು ಸಲ ಬಂದು ಹೋಗುವ ಶಿಬಿರಕ್ಕೆ ಪೊರೆ ತೆಗೆಯಲು ಸಾಧ್ಯ, ಗ್ಲಾಕೋಮಾ ಕಾಯಲು ಸಾಧ್ಯವಿಲ್ಲ. ಅದಕ್ಕೆ ಜೀವನ ಪೂರ್ತಿ ಹನಿ, ವರ್ಷಕ್ಕೆ ಎರಡು ಮೂರು ಸಲ ಪರೀಕ್ಷೆ ಬೇಕು. ಕಾಲವೂ ಬದಲಾಯಿತು. ಶಾಲೆ, ಛತ್ರಗಳಲ್ಲಿ ಆಪರೇಷನ್ ಮಾಡಿದರೆ ಸೋಂಕಿನ ಭಯವೆಂದು, ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ ಮಾಡಿ ಆಪರೇಷನ್ನಿಗೆ ಆಸ್ಪತ್ರೆಗೇ ಕರೆದೊಯ್ಯುತ್ತಾರೆ. ಮೋದಿಯವರೂ ಬೆಂಗಳೂರಿನಲ್ಲಿ ಆಸ್ಪತ್ರೆ ಕಟ್ಟಿಸಿದರು. ವೆಸ್ಟ್ ಆಫ್ ಕಾರ್ಡ್ ರಸ್ತೆಯಲ್ಲಿ ಬಸ್ ಕಂಡಕ್ಟರುಗಳು ಇವತ್ತಿಗೂ ಮೋದಿ ಆಸ್ಪತ್ರೆ ಎಂದು ಕೂಗುತ್ತಾರೆ. ಅಲ್ಲಿ ಇಳಿಯುವ ಎಷ್ಟು ಜನಕ್ಕೆ ಅದು ಯಾವ ಮೋದಿ ಎಂದು ಗೊತ್ತಿದೆಯೋ. 2005ರ ನವೆಂಬರಿನಲ್ಲಿ, ತೊಂಬತ್ತು ತುಂಬಿದ ಮೇಲೆ, ಬೆಂಗಳೂರಿನಲ್ಲೇ ಅವರು ತೀರಿಕೊಂಡರು.

ಅವರ ಕೈಚಳಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆ 46,120 ಹಳ್ಳಿ. ಗ್ಲಾಕೋಮಾಕ್ಕೂ ಬೇಕಾದದ್ದು ಅದೇ, ಯಾರಾದರೂ ಹುಡುಕಿಕೊಂಡು ಹೋಗುವುದು, ಯಾಕೆಂದರೆ ಈ ರೋಗಿ ತಾನಾಗಿ ಬರುವುದಿಲ್ಲ, ಅವನಿಗೆ ನೋವೇ ಇಲ್ಲ. ಈಗ ಪಾವಗಡದವರು ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ, ಅಲ್ಲಿಯ ಶ್ರೀ ರಾಮಕೃಷ್ಣ ಸೇವಾಶ್ರಮದವರು ಶಾರದಾದೇವಿ ಹೆಸರಿನ ಕಣ್ಣಿನ ಆಸ್ಪತ್ರೆ ನಡೆಸುತ್ತಾರೆ. ಶಿರಾ, ಮಧುಗಿರಿ, ಕೊರಟಗೆರೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಕಣ್ಣಿನ ತಪಾಸಣೆ ಯಾವ ದಿನ ಎಂದು ಕೇಳಿದರೆ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ನಲವತ್ತು ದಾಟಿದ್ದರೆ ಹೋಗಿ ನರ ನೋಡಿಸಿ ಬನ್ನಿ. ಧೂಳಿಗೆ ಕಣ್ಣು ಕಡಿಯುತ್ತದೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಅದನ್ನೇ ತಿಂಗಳುಗಟ್ಟಲೆ ಹಾಕಿಕೊಳ್ಳಬೇಡಿ, ಅದರಿಂದಲೂ ಒತ್ತಡ ಏರುತ್ತದೆ.

ಈಗ ರಾತ್ರಿ ಒಂಬತ್ತಕ್ಕೆ ನಾನಾ ಅವರ ಎಡಗಣ್ಣಿಗೂ ಹನಿ ಬೀಳುತ್ತದೆ. ಹೋದ ಕಣ್ಣಿಗೆ ಯಾಕೆ ಎಂದರೆ, ಒತ್ತಡ ಬಿಟ್ಟರೆ ಅದು ನೋಯತೊಡಗಬಹುದು ಎನ್ನುತ್ತಾರೆ ಡಾಕ್ಟರು. ಬಲಗಣ್ಣು ಕೆಂಪಾದರೆ, ನೀರು ಕೀವು ಬಂದರೆ ಅದೇ ದಿನ ಓಡಬೇಕು, ಹೊಸ ಕೋಡಿಯ ದಾರಿಯಲ್ಲಿ ಸೋಂಕು ಒಳಗೆ ಹೋಗಬಹುದು. ಬಾಟಲಿ ತೆರೆದ ತಾರೀಖನ್ನು ಅದರ ಮೇಲೆ ಪೆನ್ನಿನಲ್ಲಿ ಬರೆಯುವುದು ನನ್ನ ಕೆಲಸ. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು, ಆಗ ಮದ್ದು ಗಂಟಲಿಗೆ ಇಳಿಯದೆ ಕಣ್ಣಲ್ಲೇ ನಿಲ್ಲುತ್ತದೆ. ಆ ಎರಡು ನಿಮಿಷ ನಾನಾ ನನಗೆ ಹುಣಸೆ ಮರಗಳ ಲೆಕ್ಕ ಹೇಳುತ್ತಾರೆ.

ಅಮ್ಮಿಯ ಪರೀಕ್ಷೆ ಆಗಿದೆ, ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದಿದ್ದಾರೆ. ಶಿರಾದ ದೊಡ್ಡ ಮಾಮು ಹೋಗಿ ಬಂದರು. ಚಿಕ್ಕ ಮಾಮು ಮಾತ್ರ ಇನ್ನೂ ಹೋಗಿಲ್ಲ. ನಲವತ್ತೆರಡು ವರ್ಷ, ಗೂಡ್ಸ್ ಆಟೋ ಓಡಿಸುತ್ತಾರೆ, ನನಗೆ ಎಲ್ಲ ಕಾಣುತ್ತದೆ ಎನ್ನುತ್ತಾರೆ. ನಮ್ಮ ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮಾರನೆಯ ದಿನಕ್ಕೆ ಚೀಟಿ ಮಾಡಿಸಿದ್ದೇನೆ. ಬಸ್ಸು ಬೆಳಿಗ್ಗೆ ಆರೂವರೆಗೆ.